'ಕೊಳೆ' ಹೋಗಿ 'ಕೊಲೆ'ಯಾದ ದಿನ: ಒಬ್ಬ ತಾಲ್ಲೂಕು ವರದಿಗಾರರ ಟೈಪಿಂಗ್ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ಕರಪತ್ರ ಇವೇ ದಿನದ ಕೆಲಸ. ಸಂಜೆ ಹೊತ್ತು ಕನ್ನಡ ಟೈಪಿಂಗ್ ಹೇಳಿಕೊಡುತ್ತೇನೆ. ಹಾಗೆ ನನ್ನ ಬಳಿ ಕಲಿತ ಒಬ್ಬರ ವಿಷಯ ಇದು. ಅವರು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವವರು. ಅವರನ್ನು ಕೇಳಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಪತ್ರಿಕೆ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಇಲ್ಲಿ ಅವರು ಬರೀ 'ವರದಿಗಾರರು'.

ಫೋನಿನಲ್ಲೇ ಉದ್ದುದ್ದ ಕನ್ನಡ ಬರೆಯುವವರು ಈಗ ಊರಿಗೆ ಹತ್ತಾರು ಜನ ಇದ್ದಾರೆ. ಸಂಘದ ಕಾರ್ಯದರ್ಶಿಗಳು, ಮೇಷ್ಟ್ರುಗಳು, ಕಥೆ ಬರೆಯುವವರು. ಹೆಬ್ಬೆರಳು ನೋವು ಅಂತಲೋ, ಕಾಗುಣಿತ ತಪ್ಪುತ್ತಿದೆ ಅಂತಲೋ ಅಂಗಡಿಗೆ ಬಂದು ಹೇಳುತ್ತಾರೆ. ಅವರಿಗೆ ಉಪಯೋಗ ಆಗಲಿ ಅಂತ ಈ ಒಂದು ಪ್ರಕರಣವನ್ನು ಬಿಡಿಸಿ ಇಡುತ್ತಿದ್ದೇನೆ.

ಹತ್ತು ಬೆರಳು ಕಲಿತದ್ದು

ವರದಿಗಾರರಿಗೆ ಐವತ್ತು ದಾಟಿದೆ. ಶುರುವಿನಲ್ಲಿ ಅವರು ಸುದ್ದಿಯನ್ನು ಕೈಯಲ್ಲಿ ಬರೆದು, ಕವರ್‌ಗೆ ಹಾಕಿ, ಸಂಜೆ ಬಸ್ಸಿನ ಕಂಡಕ್ಟರ್ ಹತ್ತಿರ ಕೊಟ್ಟು ಕಳಿಸುತ್ತಿದ್ದರು. ಆಮೇಲೆ ಫ್ಯಾಕ್ಸ್. ಅದಾದ ಮೇಲೆ ಕಂಪ್ಯೂಟರ್, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ. ಆಗ ನನ್ನ ಅಂಗಡಿಗೆ ಬಂದರು.

ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಇರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ರಾಜ್ಯ ಸರ್ಕಾರ ಒಪ್ಪಿಕೊಂಡದ್ದೂ ಅದನ್ನೇ. ಇಂಗ್ಲಿಷಿನ 26 ಅಕ್ಷರದ ಕೀಗಳ ಮೇಲೆ ನಮ್ಮ ಇಡೀ ವರ್ಣಮಾಲೆ ಕೂರುತ್ತದೆ. 'ಕೆ' ಒತ್ತಿದರೆ ಕ, ಷಿಫ್ಟ್ ಹಿಡಿದು ಒತ್ತಿದರೆ ಖ. 'ಎಲ್' ಒತ್ತಿದರೆ ಲ, ಷಿಫ್ಟ್ ಜೊತೆ ಳ. ಒತ್ತಕ್ಷರ ಬೇಕಾದಾಗ ನಡುವೆ 'ಎಫ್'. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಒತ್ತು. ಇಷ್ಟು ಅಚ್ಚುಕಟ್ಟಾದ ಜೋಡಣೆ ನಮ್ಮ ಭಾಷೆಗೆ ಸಿಕ್ಕಿದ್ದು ದೊಡ್ಡ ಭಾಗ್ಯ ಅಂತ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ.

ಮೊದಲ ದಿನ ಹೇಳುವ ಇನ್ನೊಂದು ಮಾತು: ಕೀಬೋರ್ಡ್ ನೋಡಬೇಡಿ. 'ಎಫ್' ಮತ್ತು 'ಜೆ' ಕೀಗಳ ಮೇಲೆ ಒಂದು ಸಣ್ಣ ಗೀಟು ಉಬ್ಬಿರುತ್ತದೆ. ಎರಡು ತೋರುಬೆರಳು ಅಲ್ಲಿ ಕೂತರೆ ಉಳಿದ ಬೆರಳಿಗೆ ದಾರಿ ತಾನಾಗಿ ಗೊತ್ತಾಗುತ್ತದೆ. ವರದಿಗಾರರು ಮೂರು ತಿಂಗಳಲ್ಲಿ ಕಲಿತರು. ವರ್ಷ ಕಳೆಯುವಷ್ಟರಲ್ಲಿ ನನ್ನ ಜೊತೆ ಮಾತಾಡುತ್ತಲೇ ಸುದ್ದಿ ಟೈಪ್ ಮಾಡಿ ಮುಗಿಸುತ್ತಿದ್ದರು. 'ಳ' ಎಲ್ಲಿದೆ ಅಂತ ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ, ಬೆರಳು ಆಡಿಸಿ ನೋಡಿಯೇ ಹೇಳಬೇಕಿತ್ತು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಎಲ್ಲ ತೊಂದರೆಯ ಬೇರು ಇಲ್ಲೇ ಇದೆ.

ಫೋನಿಗೆ ಬಂದ ಮೇಲೆ

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬರದಿರುವುದೂ ಉಂಟು. ಕಂಪ್ಯೂಟರ್ ನಂಬಿ ಕೂತರೆ ಸುದ್ದಿ ಹಳಸುತ್ತದೆ. ಪತ್ರಿಕೆಯ ಡೆಸ್ಕಿಗೂ ಈಗ ಸಂಜೆಯವರೆಗೆ ಕಾಯುವ ತಾಳ್ಮೆ ಇಲ್ಲ. ಘಟನೆ ನಡೆದ ಜಾಗದಿಂದಲೇ ವಾಟ್ಸಾಪ್‌ನಲ್ಲಿ ಬರಬೇಕು. ಹಾಗಾಗಿ ವರದಿಗಾರರು ಟಚ್ ಸ್ಕ್ರೀನ್ ಫೋನ್ ತಗೊಂಡರು.

ಅದಕ್ಕೂ ಮೊದಲು ಅವರ ಹತ್ತಿರ ಕಂಪ್ಯೂಟರ್ ಕೀಬೋರ್ಡಿನ ಹಾಗೆ ಸಣ್ಣ ಸಣ್ಣ ಗುಂಡಿಗಳಿದ್ದ ಕ್ವರ್ಟಿ ಫೋನ್ ಇತ್ತು. ಅದರ ಗುಂಡಿ ಅವರಿಗೆ ಇಷ್ಟ. ಆದರೆ ಅದರಲ್ಲಿ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಕಳಿಸಬೇಕಿತ್ತು. 2007ರ ಜನವರಿಯಲ್ಲಿ ಐಫೋನ್ ತೋರಿಸುವಾಗ ಸ್ಟೀವ್ ಜಾಬ್ಸ್ ಆಗಿನ ಫೋನುಗಳ ಮೇಲೆ ಹೊರಿಸಿದ ದೂರು ಇದೇ: ಪ್ಲಾಸ್ಟಿಕ್ ಗುಂಡಿ ಒಮ್ಮೆ ಕೂತರೆ ಕೂತಿತು, ಬೇಕಾದ ಹಾಗೆ ಬದಲಾಗುವುದಿಲ್ಲ. ಕನ್ನಡದ ಮಟ್ಟಿಗೆ ಈ ಮಾತು ನೂರಕ್ಕೆ ನೂರು ಸರಿ. ಪರದೆಯ ಮೇಲಿನ ಕೀ ಯಾವ ಲಿಪಿಗೆ ಬೇಕಾದರೂ ತಿರುಗುತ್ತದೆ. ಟೈಪಿಂಗ್ ಕ್ಲಾಸಿನ ಮೆಟ್ಟಿಲು ಹತ್ತದ ಲಕ್ಷಾಂತರ ಜನ ಇವತ್ತು ಕನ್ನಡದಲ್ಲೇ ಮೆಸೇಜ್ ಮಾಡುತ್ತಿದ್ದಾರೆ ಅಂದರೆ ಅದಕ್ಕೆ ಈ ಗಾಜೇ ಕಾರಣ. ಟಚ್ ಸ್ಕ್ರೀನನ್ನು ಬೈಯಲು ನಾನು ಈ ಬರಹ ಬರೆಯುತ್ತಿಲ್ಲ.

ವರದಿಗಾರರು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಕೆ.ಪಿ. ರಾವ್ ವಿನ್ಯಾಸವೇ ಇರುವ ಒಂದು ಕೀಬೋರ್ಡ್ ಆಪ್ ಹಾಕಿಸಿಕೊಂಡರು. ಗೊತ್ತಿರುವ ವಿನ್ಯಾಸ, ಇನ್ನೇನು ಕಷ್ಟ ಅಂತ ನಾನೂ ಅಂದುಕೊಂಡಿದ್ದೆ. ಒಂದು ವಾರದಲ್ಲಿ ಅವರು ಸೋತು ಬಂದರು.

ಪಕ್ಕದಲ್ಲಿ ಕೂತು ನೋಡಿದೆ. ಗಾಜಿನ ಮೇಲೆ ಗೀಟು ಇಲ್ಲ, ಹಾಗಾಗಿ ಬೆರಳಿಗೆ ಮನೆ ಇಲ್ಲ. ಹತ್ತು ಬೆರಳಿನ ಕೆಲಸ ಎರಡು ಹೆಬ್ಬೆರಳಿಗೆ ಬಿದ್ದಿದೆ, ಆ ಹೆಬ್ಬೆರಳಿಗೆ ಮೊದಲಿಂದ ಗೊತ್ತಿದ್ದದ್ದು ಸ್ಪೇಸ್ ಬಾರ್ ಒಂದೇ. ಇವೆರಡು ಎಲ್ಲರಿಗೂ ಕಾಣುವ ವಿಷಯ. ಮೂರನೆಯದು ನನಗೆ ಅವತ್ತೇ ಹೊಳೆದದ್ದು: ಷಿಫ್ಟ್. 'ಹಳ್ಳಿ' ಎಂಬ ಪದ ತಗೊಳ್ಳಿ. ಎಚ್, ಷಿಫ್ಟ್-ಎಲ್, ಎಫ್, ಷಿಫ್ಟ್-ಎಲ್, ಐ. ನಿಜವಾದ ಕೀಬೋರ್ಡಿನಲ್ಲಿ ಎಡಗೈ ಕಿರುಬೆರಳು ಷಿಫ್ಟ್ ಹಿಡಿದಿರುವಾಗಲೇ ಬಲಗೈ ಬೆರಳು ಎಲ್ ಒತ್ತುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಮುಗಿಯುತ್ತವೆ. ಗಾಜಿನ ಮೇಲೆ ಷಿಫ್ಟ್ ಕೂಡ ಒಂದು ಪ್ರತ್ಯೇಕ ಒತ್ತು. ಐದರ ಜಾಗದಲ್ಲಿ ಏಳಾಯಿತು. ಕನ್ನಡದಲ್ಲಿ ಆ, ಈ, ಏ, ಓ ಎಂಬ ದೀರ್ಘಗಳೂ, ಳ, ಣ, ಅನುಸ್ವಾರ, ಮಹಾಪ್ರಾಣಗಳೂ ಈ ವಿನ್ಯಾಸದಲ್ಲಿ ಷಿಫ್ಟಿನ ಮೇಲೇ ಇವೆ. ಒಂದು ಸಾಲಿನಲ್ಲಿ ಎಷ್ಟು ಸಲ ಬರುತ್ತವೆ ಅಂತ ನೀವೇ ಎಣಿಸಿ ನೋಡಿ. ಹತ್ತು ಬೆರಳಿಗೆ ಹಗುರವಾಗಿದ್ದ ವಿನ್ಯಾಸ ಎರಡು ಹೆಬ್ಬೆರಳಿಗೆ ಹೊರೆಯಾಗಿತ್ತು.

ಮಳೆ ಬೇರೆ. ಈ ಪರದೆಗಳು ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಕೆಲಸ ಮಾಡುತ್ತವೆ. ನೀರಿನ ಹನಿ ಬಿದ್ದರೆ ಎಷ್ಟೋ ಸಲ ಅದನ್ನೂ ಬೆರಳು ಅಂತಲೇ ತಿಳಿಯುತ್ತವೆ. ಕೊಡೆ ಹಿಡಿದು ಗುಡ್ಡ ಕುಸಿದ ಜಾಗದಲ್ಲಿ ನಿಂತವರಿಗೆ ಈ ಕಷ್ಟ ಗೊತ್ತು.

ಸೂಚನೆ ಪಟ್ಟಿಯನ್ನು ನಂಬಿದ್ದು

ಎರಡನೇ ಪ್ರಯತ್ನ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದ ಬರುವ ವಿಧಾನ. ಇದನ್ನು ಹೇಳಿಕೊಟ್ಟದ್ದು ಅವರ ಮಗಳು. ಷಿಫ್ಟ್ ಬೇಡ, ಎಫ್ ಬೇಡ. ಸುಮ್ನೆ ಒತ್ತುತ್ತಾ ಹೋದರೆ ಮೇಲಿನ ಪಟ್ಟಿಯಲ್ಲಿ ಮೂರು ಪದ ಬರುತ್ತವೆ, ಬೇಕಾದ್ದು ಮುಟ್ಟಿದರಾಯಿತು. ಮೊದಲ ವಾರ ಅವರಿಗೆ ಖುಷಿಯೋ ಖುಷಿ.

ಆದರೆ ಬರೆಯುವವರ ಕಣ್ಣು ಎಲ್ಲಿರುತ್ತದೆ ಅಂತ ಗಮನಿಸಿ. ಕೆಳಗೆ ಕೀ, ನಡುವೆ ಪಟ್ಟಿ, ಮೇಲೆ ವಾಕ್ಯ. ಒಂದೊಂದು ಪದಕ್ಕೂ ಮೂರು ಕಡೆ ಓಡಬೇಕು. 2019ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯ, ಕೇಂಬ್ರಿಜ್ ಮತ್ತು ಜೂರಿಕ್‌ನ ಇಟಿಎಚ್ ಸಂಶೋಧಕರು 37,000 ಜನ ಫೋನಿನಲ್ಲಿ ಹೇಗೆ ಟೈಪ್ ಮಾಡುತ್ತಾರೆ ಅಂತ ಪರೀಕ್ಷಿಸಿದ್ದರು. ಸರಾಸರಿ ನಿಮಿಷಕ್ಕೆ 36 ಪದ. ಅದರ ಹಿಂದಿನ ವರ್ಷ 1,68,000 ಜನರ ಕಂಪ್ಯೂಟರ್ ಟೈಪಿಂಗ್ ನೋಡಿದಾಗ ಸರಾಸರಿ 52 ಬಂದಿತ್ತು. ಪಟ್ಟಿಯಿಂದ ಪದ ಆರಿಸಿಕೊಳ್ಳುವುದರಿಂದ ವೇಗ ಹೆಚ್ಚುವುದಿಲ್ಲ ಎಂಬುದೂ ಫೋನಿನ ಅಧ್ಯಯನದಲ್ಲಿ ಕಂಡಿತ್ತು. ಅದು ಇಂಗ್ಲಿಷ್ ವಾಕ್ಯಗಳ ಲೆಕ್ಕ. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಲ ಮತ್ತು ಳ, ನ ಮತ್ತು ಣ, ತ ಮತ್ತು ಟ ಇವುಗಳ ನಡುವೆ ಆರಿಸುವ ಕೆಲಸವನ್ನು ನಾವು ಯಂತ್ರಕ್ಕೆ ಬಿಟ್ಟುಕೊಟ್ಟಿರುತ್ತೇವೆ. ಹಳ್ಳಿ ಹಲ್ಲಿಯಾಗಬಹುದು, ಕಟ್ಟೆ ಕತ್ತೆಯಾಗಬಹುದು.

ಪುಷ್ಯ ಮಳೆ ಹಿಡಿದಿತ್ತು. ಅಡಿಕೆ ತೋಟಗಳಿಗೆ ಕೊಳೆ ರೋಗ ಬಿದ್ದಿತ್ತು. ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಒಂದು ಹೊತ್ತಿನ ಹೊಳವೂ ಸಿಗದೆ, ಎಳೆ ಕಾಯಿ ಉದುರಿ ಬೀಳುವುದನ್ನು ನೋಡುತ್ತಾ ರೈತರು ಕಂಗಾಲಾಗಿದ್ದರು. ವರದಿಗಾರರು ಒಂದು ತೋಟದಿಂದಲೇ ಸುದ್ದಿ ಕಳಿಸಿದರು. ಶೀರ್ಷಿಕೆ 'ಬಿಡದ ಮಳೆ: ತೋಟಗಳಲ್ಲಿ ಕೊಳೆ ಹೆಚ್ಚಳ' ಅಂತ ಇರಬೇಕಿತ್ತು. ಪಟ್ಟಿಯಲ್ಲಿ ಮೊದಲು ಬಂದ ಪದ 'ಕೊಲೆ'. ಹೆಬ್ಬೆರಳು ಅದನ್ನೇ ಮುಟ್ಟಿತು.

ಹತ್ತು ನಿಮಿಷದಲ್ಲಿ ಡೆಸ್ಕಿನಿಂದ ಫೋನ್. "ಏನ್ ಸಾರ್ ಇದು, ಎಷ್ಟು ಕೊಲೆ? ಯಾವ ಠಾಣೆ ವ್ಯಾಪ್ತಿ?" ಅಲ್ಲೇ ಸರಿ ಮಾಡಿದ್ದರಿಂದ ಪತ್ರಿಕೆಯಲ್ಲಿ ಅಚ್ಚಾಗಲಿಲ್ಲ. ಆದರೆ ಅವರು ಅದೇ ಸಾಲನ್ನು ಊರಿನ ವಾಟ್ಸಾಪ್ ಗುಂಪಿಗೂ ಹಾಕಿದ್ದರು. ತೋಟದ ಹೆಸರು ಸಮೇತ. ಆ ಮನೆಯ ನೆಂಟರು ಪರ ಊರಿನಿಂದ ಗಾಬರಿಯಾಗಿ ಫೋನ್ ಮಾಡಿದರು. ಮೊದಲೇ ಬೆಳೆ ಕಳೆದುಕೊಂಡ ಮನೆ ಅದು. ಮರುದಿನ ವರದಿಗಾರರು ಆ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರು.

ಅಲ್ಲಿಂದ ನೇರ ನನ್ನ ಅಂಗಡಿಗೆ. ರೇನ್‌ಕೋಟ್ ಕೂಡ ತೆಗೆಯದೆ ಕೂತರು. "ಅಲ್ಲ ಮಾರಾಯ್ರೆ, ಇಪ್ಪತ್ತು ವರ್ಷ ಬರೆದ ಕೈ ಇದು. ಈಗ ಕೊಳೆ ಅಂತ ಬರೆಯೋಕೆ ಬರ್ತಿಲ್ಲ ಅಂದ್ರೆ ಏನು ಕಥೆ?" ಅಂದರು. ನನಗೂ ಸಂಕಟವಾಯಿತು. ನೋಡುವವರಿಗೆ ಒಂದಕ್ಷರದ ತಪ್ಪು. ಆದರೆ ಆ ಒಂದಕ್ಷರದ ಮೇಲೇ ಅವರ ಹೆಸರು ನಿಂತಿತ್ತು.

ಅದೇ ಹೊತ್ತಿಗೆ ಬಲ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗಿತ್ತು. ಬೈಕಿನ ಕೀ ತಿರುಗಿಸಲೂ ಆಗುತ್ತಿರಲಿಲ್ಲ. ಡಾಕ್ಟರು ಮಣಿಕಟ್ಟಿನ ಹತ್ತಿರ ಹೆಬ್ಬೆರಳಿನ ಸ್ನಾಯುರಜ್ಜು ಊದಿಕೊಂಡಿದೆ, ಡಿ ಕ್ವರ್ವೇನ್ ಅನ್ನುವ ತೊಂದರೆ, ಹೆಬ್ಬೆರಳಿಗೆ ಕೆಲಸ ಕೊಡಬೇಡಿ ಅಂತ ಹೇಳಿ ಪಟ್ಟಿ ಕಟ್ಟಿಸಿದರು. ಈಗ ಹೆಬ್ಬೆರಳಿಲ್ಲದೆ ಬರೆಯುವ ದಾರಿ ಹುಡುಕಲೇಬೇಕಾಯಿತು.

ನಡುವೆ ಮಾಡಿದ ಪ್ರಯತ್ನಗಳು

ಮಾತಾಡಿದರೆ ಅಕ್ಷರವಾಗುವ ವಿಧಾನ ಒಂದು ತಿಂಗಳು ನಡೆಯಿತು. ಮನೆಯಲ್ಲಿ, ಸದ್ದಿಲ್ಲದ ಹೊತ್ತಿನಲ್ಲಿ ಅದು ಎಷ್ಟೋ ಚೆನ್ನಾಗಿ ಬರುತ್ತಿತ್ತು. ಆದರೆ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಅದಕ್ಕೆ ಏನೂ ಕೇಳದು. ನಮ್ಮ ಹಳ್ಳಿಗಳ, ಮನೆತನಗಳ ಹೆಸರು ಅದಕ್ಕೆ ಗೊತ್ತಿಲ್ಲ. ಪೊಲೀಸ್ ಠಾಣೆ ಅಂಗಳದಲ್ಲಿ, ಆಸ್ಪತ್ರೆ ಶವಾಗಾರದ ಎದುರಿನಲ್ಲಿ ನಿಂತು ಸುದ್ದಿಯನ್ನು ಜೋರಾಗಿ ಹೇಳುವುದು ಹೇಗೆ? ಸತ್ತವರ ಮನೆಯವರು ಪಕ್ಕದಲ್ಲೇ ನಿಂತಿರುತ್ತಾರೆ. ಅವರು ಅದನ್ನು ಬಿಟ್ಟರು. ಬಿಟ್ಟದ್ದು ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕಾಗುಣಿತ ತೆರೆದುಕೊಳ್ಳುವ ಕನ್ನಡ ಕೀಬೋರ್ಡನ್ನೂ ನೋಡಿದೆವು. ವ್ಯಂಜನ ಮುಟ್ಟಿದರೆ ಪಕ್ಕದಲ್ಲಿ ಅದರ ಕಾಗುಣಿತ ಬರುತ್ತದೆ. ಹೊಸದಾಗಿ ಕಲಿಯುವವರಿಗೆ ಒಳ್ಳೆಯದು. ಇವರಿಗೆ ಬೇಡವಾಯಿತು.

ಆಗ ನಾನು ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ವಯರಿನ ಕೀಬೋರ್ಡ್ ತಂದೆ. ಕೀಬೋರ್ಡಿನ ವಯರನ್ನು ಫೋನಿಗೆ ಜೋಡಿಸುವ ಒಂದು ಒಟಿಜಿ ಪಿನ್ ಹಾಕಿ ಅವರ ಫೋನಿಗೆ ಚುಚ್ಚಿದೆ. ಹೊಸ ವಸ್ತುವಿಗೆ ದುಡ್ಡು ಹಾಕುವ ಮೊದಲು ಕೈ ಒಪ್ಪುತ್ತದೋ ಇಲ್ಲವೋ ನೋಡೋಣ ಅಂತ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ನಿರ್ಧಾರ ಅದೊಂದೇ ಅನ್ನಬೇಕು.

ಒತ್ತಿದರೆ ಇಂಗ್ಲಿಷ್ ಅಕ್ಷರ ಬಂತು. ಅವರ ಆಪ್ ಪರದೆಯ ಮೇಲಿನ ಒತ್ತನ್ನು ಮಾತ್ರ ಕನ್ನಡ ಮಾಡುತ್ತಿತ್ತು, ಹೊರಗಿನ ಕೀಬೋರ್ಡಿನದನ್ನು ಹಾಗೆಯೇ ಬಿಟ್ಟುಬಿಡುತ್ತಿತ್ತು. ಅವರ ಮುಖ ಬಾಡಿತು. ಇಲ್ಲೇ ಕೈಬಿಡುವವರು ಜಾಸ್ತಿ. ಫೋನಿಗೆ ಕನ್ನಡದ ಕೀಬೋರ್ಡ್ ಹೊಂದುವುದಿಲ್ಲ ಅಂದುಕೊಂಡು ಎದ್ದುಬಿಡುತ್ತಾರೆ. ನಾವು ಆಪ್ ಬದಲಿಸಿದೆವು. ಹೊರಗಿನ ಒತ್ತನ್ನೂ ಹಿಡಿದು ಕೆ.ಪಿ. ರಾವ್ ವಿನ್ಯಾಸಕ್ಕೆ ತಿರುಗಿಸುವ ಇನ್ನೊಂದು ಆಪ್ ಮೂರನೇ ಪ್ರಯತ್ನಕ್ಕೆ ಸಿಕ್ಕಿತು.

ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ಅವರ ತೋರುಬೆರಳು ಎರಡೂ ಹೋಗಿ ಗೀಟಿನ ಮೇಲೆ ಕೂತವು. ಒಂದು ಗಳಿಗೆ ಹಾಗೇ ಇದ್ದವು. ಮತ್ತೆ ಕೈ ಓಡಿತು. ಆ ದಿನದ ಗ್ರಾಮಸಭೆಯ ಸುದ್ದಿಯನ್ನು ಗಾಜಿನ ಮೇಲೆ ಮಾಡಲು ಅವರಿಗೆ ಅರ್ಧ ಗಂಟೆಯ ಹತ್ತಿರ ಬೇಕಾಗಿತ್ತು. ಅದನ್ನೇ ಇಲ್ಲಿ ಹನ್ನೆರಡು ನಿಮಿಷದಲ್ಲಿ ಮುಗಿಸಿದರು. ಹೆಬ್ಬೆರಳಿನ ಪಟ್ಟಿ ಇನ್ನೂ ಕಟ್ಟಿಕೊಂಡೇ ಇದ್ದರು.

ಕೊಳ್ಳುವಾಗ ಆದ ತಪ್ಪು

ಇಷ್ಟಾದ ಮೇಲೂ ನಾವು ಒಂದು ತಪ್ಪು ಮಾಡಿದೆವು. ಜೇಬಿಗೆ ಹೋಗುವಂಥದ್ದು ಇರಲಿ ಅಂತ ಮಡಚುವ ಬ್ಲೂಟೂತ್ ಕೀಬೋರ್ಡ್ ತರಿಸಿದೆವು. ಮಡಿಕೆ ಬರುವ ನಡುಭಾಗದಲ್ಲಿ ಕೀಗಳು ದೂರ ಸರಿದಿದ್ದವು. ಎಡಗಡೆ ಷಿಫ್ಟ್ ಬೆರಳ ತುದಿಯಷ್ಟೇ ಇತ್ತು. ಮೇಜಿಲ್ಲದೆ ತೊಡೆಯ ಮೇಲೆ ಇಟ್ಟರೆ ನಡುವೆ ಬಾಗುತ್ತಿತ್ತು. ಇಪ್ಪತ್ತು ವರ್ಷದ ಬೆರಳಿನ ಅಳತೆಗೆ ಅದು ಸೇರಲೇ ಇಲ್ಲ. ಈ ವಿನ್ಯಾಸದಲ್ಲಿ 'ಕೊಳೆ'ಗೂ 'ಕೊಲೆ'ಗೂ ಇರುವ ಅಂತರ ಒಂದು ಷಿಫ್ಟ್ ಮಾತ್ರ. ಷಿಫ್ಟ್ ಸರಿಯಿಲ್ಲದ ಕೀಬೋರ್ಡ್ ಅವರಿಗೆ ಹಳೆಯ ಭಯವನ್ನೇ ವಾಪಸ್ ತಂದಿತು. ಅದನ್ನು ಮಾರಿ, ಮಡಚದ, ತೆಳುವಾದ, ಎರಡೂ ಕಡೆ ಅಗಲವಾದ ಷಿಫ್ಟ್ ಇರುವ ಒಂದು ಬ್ಲೂಟೂತ್ ಕೀಬೋರ್ಡ್ ತಗೊಂಡರು. ಬೈಕಿನ ಸೈಡ್ ಬ್ಯಾಗಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಅದು ಕೂರುತ್ತದೆ.

ಇನ್ನೆರಡು ಸಣ್ಣ ತಿದ್ದುಪಡಿ ಬೇಕಾಯಿತು. ವಾಟ್ಸಾಪಿನಲ್ಲಿ ಎಂಟರ್ ಒತ್ತಿದರೆ ಮೆಸೇಜ್ ಹೋಗುವ ಸೆಟ್ಟಿಂಗ್ ಆನ್ ಇತ್ತು. ಪ್ಯಾರಾ ಮುರಿಯಲು ಹೋದಾಗ ಅರ್ಧ ಸುದ್ದಿ ಡೆಸ್ಕಿಗೆ ಹೋಗುತ್ತಿತ್ತು. ಅದನ್ನು ಆಫ್ ಮಾಡಿದೆವು. ಬರೆಯುವುದು ನೋಟ್ಸ್ ಆಪಿನಲ್ಲಿ, ಓದಿ ನೋಡಿದ ಮೇಲೆ ನಕಲು ಮಾಡಿ ವಾಟ್ಸಾಪಿಗೆ ಹಾಕುವುದು ಅಂತ ಅವರೇ ನಿಯಮ ಮಾಡಿಕೊಂಡರು. ಇನ್ನೊಂದು, ಹೊರಗಿನ ಕೀಬೋರ್ಡ್ ಇದ್ದಾಗ ಪರದೆಯ ಕೀಬೋರ್ಡ್ ಕಾಣದಂತೆ ಮಾಡಿದ್ದು.

ಈ ಎರಡನೆಯದರಿಂದ ನಾವು ಎಣಿಸದ ಲಾಭ ಸಿಕ್ಕಿತು. ಮೊದಲು ಪರದೆಯ ಅರ್ಧ ಕೀಬೋರ್ಡಿಗೇ ಹೋಗುತ್ತಿತ್ತು, ಬರೆದದ್ದು ನಾಲ್ಕು ಸಾಲು ಕಂಡರೆ ಹೆಚ್ಚು. ಈಗ ಇಡೀ ಸುದ್ದಿ ಕಣ್ಣೆದುರಿಗೆ ಇರುತ್ತದೆ. ಹೇಳಿದ್ದನ್ನೇ ಮತ್ತೆ ಹೇಳುವುದು ನಿಂತಿತು. ಮೊದಲ ಪ್ಯಾರಾ ಬಿಗಿಯಾಯಿತು. ಡೆಸ್ಕಿನವರು ಕೂಡ ಈಗ ಕಾಪಿ ಜಾಸ್ತಿ ತಿದ್ದಬೇಕಾಗಿಲ್ಲ ಅಂದರಂತೆ. ವೇಗಕ್ಕಿಂತ ಇದೇ ದೊಡ್ಡದು ಅಂತ ನನಗೆ ಅನ್ನಿಸಿತು. ಕಣ್ಣು ಕೀಯ ಮೇಲಿಂದ ಎದ್ದು ವಾಕ್ಯದ ಮೇಲೆ ಕೂತರೆ ಬರಹವೇ ಬೇರೆಯಾಗುತ್ತದೆ.

ಇದರಿಂದ ನನಗೆ ಕಂಡದ್ದು

ಎಲ್ಲರೂ ಕೀಬೋರ್ಡ್ ಕೊಳ್ಳಿ ಅಂತ ಇದನ್ನು ಓದಬೇಡಿ. ವರದಿಗಾರರ ಮಗಳಿಗೆ ಅದೇ ಕೀಬೋರ್ಡ್ ಕೊಟ್ಟು ನೋಡಿದೆ. ಐದು ನಿಮಿಷದಲ್ಲಿ ವಾಪಸ್ ಕೊಟ್ಟಳು. ಅವಳ ಹೆಬ್ಬೆರಳು ಗಾಜಿನ ಮೇಲೆ ಅಪ್ಪನ ಹತ್ತು ಬೆರಳಿಗೆ ಸಮನಾಗಿ ಓಡುತ್ತದೆ. ಆಲ್ಟೊದವರ ಅಧ್ಯಯನದಲ್ಲೂ 10ರಿಂದ 19 ವರ್ಷದವರು ತಂದೆ ತಾಯಿಯ ವಯಸ್ಸಿನವರಿಗಿಂತ ನಿಮಿಷಕ್ಕೆ ಸುಮಾರು 10 ಪದ ಮುಂದಿದ್ದರು. ಅವಳು ಬರವಣಿಗೆ ಕಲಿತದ್ದೇ ಗಾಜಿನ ಮೇಲೆ. ಕೈ ಎಲ್ಲಿ ಕಲಿತಿತೋ ಅಲ್ಲೇ ಚುರುಕು. ಅದಕ್ಕೇ ನಾನೀಗ ಯಾರು ಬಂದರೂ ಮೊದಲು ಕೇಳುವುದು, ನೀವು ಕನ್ನಡ ಟೈಪಿಂಗ್ ಎಲ್ಲಿ ಕಲಿತಿರಿ, ಒಂದು ಸಲಕ್ಕೆ ಎಷ್ಟು ಬರೆಯುತ್ತೀರಿ ಅಂತ. ನಾಲ್ಕು ಸಾಲು ಬರೆಯುವವರಿಗೆ ಗಾಜು ಸಾಕು.

ನಾವು ಸುಮಾರು ಒಂದು ವರ್ಷ ಕಳೆದುಕೊಂಡೆವು. ಕಾರಣ, ಫೋನ್ ಅಂದರೆ ಹೆಬ್ಬೆರಳಿನಲ್ಲೇ ಬರೆಯಬೇಕು ಅಂತ ನಾವಿಬ್ಬರೂ ಸುಮ್ಮನೆ ಒಪ್ಪಿಕೊಂಡಿದ್ದೆವು. ನಾನಂತೂ ಟೈಪಿಂಗ್ ಕಲಿಸುವವನು. ಅವರ ಬೆರಳಿನಲ್ಲಿದ್ದ ವಿದ್ಯೆಯನ್ನು ಹೊಸ ಸಾಧನಕ್ಕೆ ದಾಟಿಸುವುದು ಹೇಗೆ ಅಂತ ಮೊದಲ ದಿನವೇ ಯೋಚಿಸಬೇಕಿತ್ತು. ಆ ಹೊಣೆ ನನ್ನದು.

ಅವರು ಗಾಜನ್ನು ಪೂರ್ತಿ ಬಿಟ್ಟಿಲ್ಲ. ಫೋಟೊ ಶೀರ್ಷಿಕೆ, ಒಂದು ಸಾಲಿನ ಉತ್ತರ ಈಗಲೂ ಪರದೆಯ ಮೇಲೇ, ಆದರೆ ಫೋನನ್ನು ಮೇಜಿನ ಮೇಲಿಟ್ಟು ತೋರುಬೆರಳಲ್ಲಿ. ಹೆಬ್ಬೆರಳಿನ ನೋವು ಪೂರ್ತಿ ಹೋಗಿಲ್ಲ, ಚಳಿಗೆ ಸ್ವಲ್ಪ ಎದ್ದೇಳುತ್ತದೆ.

ಕಳೆದ ಆಶ್ಲೇಷ ಮಳೆಯಲ್ಲಿ ಘಟ್ಟದ ರಸ್ತೆ ಬಂದ್ ಆಗಿ ನಾವಿಬ್ಬರೂ ಒಂದು ಬಸ್ ಸ್ಟ್ಯಾಂಡಿನ ತಂಗುದಾಣದಲ್ಲಿ ಸಿಕ್ಕಿಕೊಂಡೆವು. ಅವರು ಹೆಲ್ಮೆಟ್ಟಿಗೆ ಫೋನ್ ಆನಿಸಿ ಕಲ್ಲುಬೆಂಚಿನ ಮೇಲಿಟ್ಟರು, ಕೀಬೋರ್ಡ್ ತೊಡೆಯ ಮೇಲೆ. ಕಣ್ಣು ಎದುರಿನ ತೋಟದ ಕಡೆಗಿತ್ತು, ಮಳೆ ತಾಗದಂತೆ ಕೊಟ್ಟೆ ಕಟ್ಟಿದ ಅಡಿಕೆ ಗೊನೆಗಳ ಕಡೆಗೆ. ಕೈ ತನ್ನ ಪಾಡಿಗೆ ಓಡುತ್ತಿತ್ತು. ಮುಗಿಸಿ ಫೋನನ್ನು ನನ್ನ ಕಡೆ ತಿರುಗಿಸಿದರು. "ಎಲ್ಲ ಓದೋದು ಬೇಡ ಮಾರಾಯ್ರೆ, ಶೀರ್ಷಿಕೆ ಒಂದು ಓದಿ" ಅಂದರು.

ಓದಿದೆ. 'ಕೊಳೆ' ಅಂತಲೇ ಇತ್ತು. ಅವರು ಕಳಿಸಿದರು.